ಪಟ್ಟಿಯಲ್ಲಿಲ್ಲದ ಬೆನ್ನು

ಕರಜಗಿಯ ಅಮೋಗಸಿದ್ಧ ಸೋಲಾಪುರದ ಗಿರಣಿಗೆ ಕೆಲಸ ಕೇಳಿಕೊಂಡು ಬಂದಾಗ, ಆಳುಗಳ ಮೇಲ್ವಿಚಾರಣೆಯ ಮುಕಾದಮ ಹೆಸರು ಕೇಳುವ ಮೊದಲೇ ಅವನ ಹೆಗಲು ಮುಟ್ಟಿ ನೋಡಿದ್ದ. ಕುರಿ ಕಾದು, ಕುಲದೇವರು ಬೀರೋಬನ ಡೊಳ್ಳು ಹೊತ್ತು ಬೆಳೆದ ಮೈ ಅದು. ಅಂದೇ ಅವನನ್ನು ಬೀಮು ಹೊರುವ ಕೆಲಸಕ್ಕೆ ಹಾಕಿದರು. ಬೀಮು ಎಂದರೆ ಮಗ್ಗಕ್ಕೆ ಏರಿಸುವ ನೂಲಿನ ಉರುಳೆ. ಎರಡು ತುದಿಗೂ ಕಬ್ಬಿಣದ ತಟ್ಟೆ, ನಡುವೆ ಮೈತುಂಬ ನೂಲು. ಇಬ್ಬರು ಹೊರಬೇಕು. ಅಮೋಗಸಿದ್ಧ ಒಂದು ತುದಿಗೆ ಇದ್ದನೆಂದರೆ ಇನ್ನೊಂದು ತುದಿಯವನು ಹಾಡು ಗುನುಗುತ್ತ ನಡೆಯುತ್ತಿದ್ದ. ಹೀಗೆ ಎಂಟು ವರ್ಷ ಕಳೆಯಿತು.

೧೯೨೭ರ ಶ್ರಾವಣದಲ್ಲಿ ಒಂದು ದಿನ ಮುಂದಿನವನ ಕಾಲು ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿತು. ಭಾರವೆಲ್ಲ ಒಮ್ಮೆಲೇ ಅಮೋಗಸಿದ್ಧನ ಮೇಲೆ ಬಂತು. ಕೈಬಿಟ್ಟಿದ್ದರೆ ಅವನು ಪಾರಾಗುತ್ತಿದ್ದ. ಆದರೆ ಪಕ್ಕದಲ್ಲೇ ನೇಕಾರನೊಬ್ಬ ಬಗ್ಗಿ ಹರಿದ ಎಳೆ ಕಟ್ಟುತ್ತಿದ್ದ. ಅಮೋಗಸಿದ್ಧ ಸೊಂಟ ತಿರುವಿ, ಬೀಮನ್ನು ಅವನ ಮೇಲೆ ಬೀಳದಂತೆ ಬದಿಗೆ ಇಳಿಸಿದ. ಒಳಗೆಲ್ಲೋ ಹಸಿ ಹಗ್ಗ ಹಿಂಡಿದಂತಾಯಿತು. ಒಂದು ಗಳಿಗೆ ಕಣ್ಣಿಗೆ ಕತ್ತಲೆ ಕವಿಯಿತು. ಮುಕಾದಮ ನೋಡುತ್ತಿದ್ದಾನೆಂದು ಮತ್ತೆ ಹೆಗಲು ಕೊಟ್ಟ. ಪಾಳಿ ಮುಗಿಯಿತೆಂದು ಗಿರಣಿಯ ಭೋಂಗಾ ಕೂಗುವ ತನಕ ಕೆಲಸ ಮಾಡಿಯೇ ಹೊರಬಿದ್ದ.

ಸಂಜೆ, ಗಿರಣಿಯವರು ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ ಇರಿಸಿದ್ದ ಚಾಳಿನ ಮೆಟ್ಟಿಲಿಗೆ ಬಂದರೆ ಕಾಲು ಮೇಲೇಳಲಿಲ್ಲ. ಹೆಂಡತಿ ತುಳಜಾಬಾಯಿ, ಅದೇ ಗಿರಣಿಯ ನೂಲು ಸುತ್ತುವ ಖಾತೆಯವಳು, ಬಗಲಲ್ಲಿ ಹೆಗಲು ಕೊಟ್ಟು ಒಳಗೆ ತಂದಳು.

ಗಿರಣಿಯ ಡಾಕ್ಟರು ಬೆನ್ನ ಮೇಲೆ ಎರಡು ಬೆರಳಿಟ್ಟು ನೋಡಿದರು. ಮುರಿದಿಲ್ಲ, ಬಾತಿಲ್ಲ, ಎಲ್ಲೂ ರಕ್ತವಿಲ್ಲ. ತಿಕ್ಕಲು ಎಣ್ಣೆ ಕೊಟ್ಟು ಎಂಟು ದಿನ ಸುಮ್ಮನಿರು ಎಂದರು. ಎಂಟು ದಿನ ಹೋಗಿ ಎಂಟು ವಾರವಾದರೂ ನೋವು ಹೋಗಲಿಲ್ಲ. ಕೂತರೆ ಸೊಂಟದಿಂದ ಹಿಮ್ಮಡಿಯ ತನಕ ಬೆಂಕಿ ಇಳಿಯುತ್ತಿತ್ತು, ನಿಂತರೆ ಕಾಲು ಜೋಮು ಹಿಡಿಯುತ್ತಿತ್ತು. ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಮೊಣಕಾಲನ್ನು ಜೋಳದ ಚೀಲದ ಮೇಲೆ ಊರಿದರೆ ಮಾತ್ರ ಸ್ವಲ್ಪ ಉಸಿರಾಡಬಹುದಿತ್ತು.

ಪಕ್ಕದ ಖೋಲಿಯ ಕಲ್ಲಣ್ಣನಿಗೆ ಆ ವರ್ಷವೇ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋಗಿದ್ದವು. ಮೂರು ವರ್ಷದ ಹಿಂದೆ ಜಾರಿಗೆ ಬಂದ ಸರಕಾರಿ ಕಾಯಿದೆಯಂತೆ ಅವನಿಗೆ ಪರಿಹಾರ ಸಿಕ್ಕಿತ್ತು. ಅವನೇ ಅಮೋಗಸಿದ್ಧನನ್ನು ಕಾರ್ಮಿಕ ಸಂಘದ ಶಾಂತಲಿಂಗಪ್ಪನ ಹತ್ತಿರ ಕರೆದುಕೊಂಡು ಹೋದ. ಶಾಂತಲಿಂಗಪ್ಪ ಕನ್ನಡಕ ಏರಿಸಿ ಕಾಯಿದೆಯ ಪಟ್ಟಿ ಓದಿದ: ಹೆಬ್ಬೆರಳು, ತೋರುಬೆರಳು, ಒಂದು ಕಣ್ಣು, ಮೊಣಕಾಲ ಕೆಳಗಿನ ಕಾಲು. ಒಂದೊಂದಕ್ಕೂ ಇಷ್ಟಿಷ್ಟೆಂದು ಬರೆದಿತ್ತು.

"ಬೆನ್ನು ಎಲ್ಲಿ ಐತ್ರಿ?" ಎಂದ ಅಮೋಗಸಿದ್ಧ.

"ಬೆನ್ನು ಪಟ್ಟಿಯೊಳಗ ಇಲ್ಲೋ ತಮ್ಮಾ. ಇಲ್ಲದ್ದಕ್ಕೂ ಕೇಳಾಕ ಬರತೈತಿ. ಆದ್ರ ನೋವು ಐತಂತ ನೀನ ತೋರಸಬೇಕು."

"ನೋವು ಹ್ಯಾಂಗ ತೋರಸಬೇಕ್ರಿ ಯಪ್ಪಾ?"

ಶಾಂತಲಿಂಗಪ್ಪ ಕಾಗದ ಎಳೆದುಕೊಂಡ. ಅರ್ಜಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

ಅರ್ಜಿ ಹೋದ ಮೇಲೆ ಗಿರಣಿಯ ಸಿಪಾಯಿ ದಿನಕ್ಕೆರಡು ಸಲ ಚಾಳಿನ ಮುಂದೆ ಹಾಯತೊಡಗಿದ. ನಳದ ಹತ್ತಿರ ನಿಂತು ಬೀಡಿ ಸೇದುತ್ತಿದ್ದ, ಹೆಂಗಸರನ್ನು ಮಾತಿಗೆ ಎಳೆಯುತ್ತಿದ್ದ: ಅಮೋಗಸಿದ್ಧ ಎಲ್ಲಿಗೆ ಹೋದ, ಏನು ಎತ್ತಿದ, ನಗುತ್ತಿದ್ದನೇ? ಅಂದಿನಿಂದ ಅಮೋಗಸಿದ್ಧನ ಬದುಕು ಖೋಲಿಯೊಳಗೆ ಸೇರಿತು. ವಿಚಿತ್ರವೆಂದರೆ ಅವನು ಹೆಚ್ಚು ಹೆದರುತ್ತಿದ್ದುದು ಮೈ ಹಗುರಾಗಿರುವ ದಿನಗಳಿಗೆ. ವಾರಕ್ಕೊಮ್ಮೆ ನೋವು ತಾನಾಗಿ ಕಡಿಮೆಯಾದ ಮುಂಜಾನೆ, ಒಂದು ಕೊಡ ನೀರು ತರಬಲ್ಲೆ ಅನ್ನಿಸುತ್ತಿತ್ತು. ತರುವಂತಿರಲಿಲ್ಲ. ತಂದರೆ ಉಳಿದ ಆರು ದಿನದ ನೋವು ಸುಳ್ಳಾಗುತ್ತಿತ್ತು. ಬಾಗಿಲ ಸಂದಿಯಿಂದ ಅವನು ತುಳಜಾಬಾಯಿ ಎರಡು ಕೊಡ ಹೊತ್ತು ಬರುವುದನ್ನು ನೋಡುತ್ತಿದ್ದ. "ಗಂಡ ಕುಂತು ಉಣ್ಣಾಕತ್ತಾನ" ಎಂದು ನಳದ ಹತ್ತಿರ ಯಾರೋ ಅಂದದ್ದೂ ಅವನಿಗೆ ಕೇಳಿಸಿತು. ತುಳಜಾಬಾಯಿ ಕೊಡ ಇಳಿಸಿ ಒಲೆ ಊದತೊಡಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಪರಿಹಾರದ ಅರ್ಜಿ ಕೇಳುವ ಸರಕಾರಿ ಕಚೇರಿಯಲ್ಲಿ ಮೂರು ಸಲ ವಿಚಾರಣೆಯ ತಾರೀಖು ಮುಂದೆ ಹೋಯಿತು. ಅಷ್ಟರಲ್ಲಿ ಕರಜಗಿಯಿಂದ ಅಣ್ಣ ಪೀರಪ್ಪ ಬಂದ. ಊರಲ್ಲಿ ಸುಗಲಾಬಾಯಿ ಎಂಬ ಮುದುಕಿ ಎಣ್ಣೆ ನೀವಿ ನರ ಕೂರಿಸುತ್ತಾಳೆಂದು ಹೇಳಿ, ತಮ್ಮನನ್ನು ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ, ಅಲ್ಲಿಂದ ಬಂಡಿಯಲ್ಲಿ ಊರಿಗೆ ಒಯ್ದ. ಸುಗಲಾಬಾಯಿ ಹದಿನೈದು ದಿನ ನೀವಿದಳು. ನೋವು ಹೋಗದಿದ್ದರೂ ಬಯಲಿನ ಗಾಳಿಗೆ ಅವನ ಮುಖ ಸ್ವಲ್ಪ ತಿಳಿಯಾಯಿತು. ಅಲ್ಲಿ ಅವನ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ, ಅಥವಾ ಹಾಗೆಂದುಕೊಂಡಿದ್ದ.

ಒಂದು ಮಧ್ಯಾಹ್ನ ಹಟ್ಟಿಯ ಹಿಂದಿನ ಕೊರಕಲಿನಲ್ಲಿ ಗಬ್ಬದ ಕುರಿಯೊಂದು ಬಿದ್ದು ಒದ್ದಾಡುತ್ತಿತ್ತು. ಪೀರಪ್ಪ ದೂರದಲ್ಲಿದ್ದ. ಕುರಿ ಅಂಗಾತ ಬಿದ್ದು ಹೊಟ್ಟೆ ಉಬ್ಬಿದರೆ ಉಳಿಯುವುದಿಲ್ಲವೆಂದು ಕುರುಬನಿಗೆ ಯಾರೂ ಹೇಳಬೇಕಾಗಿಲ್ಲ. ಅಮೋಗಸಿದ್ಧ ಕೊರಕಲಿಗೆ ಇಳಿದ. ಎರಡೂ ತೋಳಲ್ಲಿ ಅದನ್ನು ತಬ್ಬಿ ಎತ್ತಿ ದಂಡೆಗೆ ಹಾಕಿದ. ತಾನು ಮಾತ್ರ ಮೇಲೆ ಬರಲಾಗಲಿಲ್ಲ. ಪೀರಪ್ಪ ಬಂದು ಕಂಬಳಿಯಲ್ಲಿ ಸುತ್ತಿ ಎಳೆದುಕೊಂಡ. ಆರು ದಿನ ಅಮೋಗಸಿದ್ಧ ಮಗ್ಗುಲು ಬದಲಿಸಲಿಲ್ಲ. ಮಲಮೂತ್ರಕ್ಕೂ ಅಣ್ಣನೇ ಹಿಡಿಯಬೇಕಾಯಿತು. ಆದರೆ ಕುರಿ ಎತ್ತಿದ್ದನ್ನು, ನೆಂಟರ ಮದುವೆಗೆಂದು ಬಂದಿದ್ದ ಗಿರಣಿಯ ಆಳೊಬ್ಬ ದಾರಿಯಿಂದ ನೋಡಿದ್ದ.

ಅವನು ಸೋಲಾಪುರಕ್ಕೆ ಮರಳಿದ ಮೇಲೆ ಕೊನೆಗೂ ವಿಚಾರಣೆ ನಡೆಯಿತು. ತೀರ್ಪು ಕೊಡುವ ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು, ಗುಮಾಸ್ತ ಮರಾಠಿಗೆ ತಿರುಗಿಸಿದ. ಅಮೋಗಸಿದ್ಧನಿಗೆ ಮರಾಠಿ ತಿಳಿಯುತ್ತಿತ್ತು, ಆದರೆ ಮೈಯೊಳಗಿನ ಮಾತು ಅವನ ಬಾಯಲ್ಲಿ ಕನ್ನಡದಲ್ಲೇ ಬರುತ್ತಿತ್ತು.

"ಸೊಂಟದಾಗ ಚಳಕ ಹೊಡೀತೈತ್ರಿ ಸಾಹೇಬ್ರ. ಕುಂತ್ರ ಕೆಂಡ ಇಟ್ಟಂಗ ಆಗತೈತಿ. ಕಾಲಾಗ ಇರವಿ ಹರದಂಗ, ಆಮ್ಯಾಲ ಕಾಲ ಇಲ್ಲದಂಗ ಆಗತೈತ್ರಿ. ಒಂದೊಂದ ದಿನ ಏನೂ ಇರೂದಿಲ್ಲ. ಮರುದಿನ ಅದರ ಸೇಡು ತೀರಿಸಿಕೊಳ್ಳತೈತಿ."

ಗುಮಾಸ್ತ ಕಿವಿಗೊಟ್ಟು ಕೇಳಿ, "ಕಂಬರ ದುಖತೇ" ಎಂದ. ಸೊಂಟ ನೋಯುತ್ತದೆ. ಅಷ್ಟೇ ಬರೆದುಕೊಂಡರು.

ಗಿರಣಿಯ ವಕೀಲರು ಎದ್ದರು. ಪೆಟ್ಟಾದ ದಿನ ಪಾಳಿ ಮುಗಿಯುವ ತನಕ ಕೆಲಸ ಮಾಡಿದೆಯೋ ಇಲ್ಲವೋ? ಮಾಡಿದ್ದ. ಕರಜಗಿಯಲ್ಲಿ ಕುರಿ ಎತ್ತಿದೆಯೋ ಇಲ್ಲವೋ?

ಅಮೋಗಸಿದ್ಧ ಶಾಂತಲಿಂಗಪ್ಪನ ಮುಖ ನೋಡಿದ. ಅವನು ತಲೆ ತಗ್ಗಿಸಿದ್ದ. ಇಲ್ಲ ಅಂದುಬಿಟ್ಟರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎಂದಾಗಿ ಹೋಗುತ್ತಿತ್ತೇನೋ.

"ಎತ್ತೀನ್ರಿ. ಬಿಟ್ಟಿದ್ರ ಸಾಯತಿತ್ತು. ಆಮ್ಯಾಲ ಆರು ದಿನ..."

"ಪುರೇ" ಎಂದ ಗುಮಾಸ್ತ. ಸಾಕು.

ಪೆಟ್ಟಿನಿಂದ ಕೆಲಸದ ಶಕ್ತಿ ಕುಂದಿದ್ದು ಸಾಬೀತಾಗಿಲ್ಲ. ಹಗುರ ಕೆಲಸ ಕೊಡಲು ಗಿರಣಿ ಒಪ್ಪಿದೆ. ಹೀಗೆಂದು ತೀರ್ಪು ಬಂತು. ಹಗುರ ಕೆಲಸವೆಂದರೆ ಹತ್ತಿಯ ಕಸ ಆರಿಸುವುದು. ದಿನವಿಡೀ ನೆಲಕ್ಕೆ ಕೂತು, ಬೆನ್ನು ಬಾಗಿಸಿ. ಅವನಿಗೆ ಎಲ್ಲಕ್ಕಿಂತ ಆಗದಿದ್ದುದೇ ಅದು. ಒಲ್ಲೆನೆಂದರೆ ಕೆಲಸ ಬಿಟ್ಟಂತೆ, ಕೆಲಸ ಬಿಟ್ಟರೆ ಗಿರಣಿಯ ಖೋಲಿ ಬಿಡಬೇಕು.

"ಊರಿಗೆ ಹೋಗೂಣು ನಡೀರಿ" ಎಂದಳು ತುಳಜಾಬಾಯಿ.

"ಕುರಿ ಹಿಂದ ನಡಿಯಾಕ ಕಾಲ ಬೇಕಲ್ಲ. ಅಣ್ಣನ ಮನ್ಯಾಗ ಕುಂತು ಉಣ್ಣಲೇನು?"

ಕಸದ ಖಾತೆಯಲ್ಲಿ ಅವನ ಸುತ್ತ ಹೆಂಗಸರೇ. ಅರ್ಧ ತಾಸಿಗೊಮ್ಮೆ ಗೋಡೆ ಹಿಡಿದು ಏಳುತ್ತಿದ್ದ. ಮುಕಾದಮ ಕೂಗಿದೊಡನೆ ಮತ್ತೆ ಕೂಡುತ್ತಿದ್ದ. ಕೈಬೆರಳು ಹತ್ತಿಯಲ್ಲಿ ಆಡುತ್ತಿದ್ದರೂ ಮನಸ್ಸು ಸೊಂಟದ ಒಂದು ಬಿಂದುವನ್ನೇ ಕಾಯುತ್ತಿತ್ತು. ಹೀಗೆ ಏಳು ವರ್ಷ ಕಳೆಯಿತು.

೧೯೩೫ರಲ್ಲಿ ಗಿರಣಿಗೆ ಹೊಸ ಡಾಕ್ಟರು ಬಂದರು. ಎಳೆಯ ವಯಸ್ಸಿನವರು. ಕೆಮ್ಮಿಗೆ ಔಷಧ ಕೇಳಲು ಹೋದ ಅಮೋಗಸಿದ್ಧ ಬಾಗಿಲಿಂದ ಮೇಜಿನ ತನಕ ನಡೆದ ರೀತಿಯನ್ನು ನೋಡಿ, ಅವನನ್ನು ಹಲಗೆಯ ಮೇಲೆ ಮಲಗಿಸಿ ಎಡಗಾಲು ನೇರವಾಗಿ ಎತ್ತಿದರು. ಅವನು ಚೀರಿದ. ಹಿಮ್ಮಡಿಗೆ ಸೂಜಿ ಚುಚ್ಚಿದರು, ಅವನಿಗೆ ಗೊತ್ತಾಗಲಿಲ್ಲ. ಡಾಕ್ಟರು ಸೂಜಿ ಕೆಳಗಿಟ್ಟು, ಎಷ್ಟು ವರ್ಷದಿಂದ ಹೀಗಿದೆ, ಇದರೊಂದಿಗೆ ಹೇಗೆ ಕೂತು ಕೆಲಸ ಮಾಡಿದೆ ಎಂದು ಕೇಳಿದರು. ಬೆನ್ನಿನ ನರಕ್ಕೆ ಪೆಟ್ಟಾಗಿರುವುದು ನಿಜವೆಂದು ಒಂದು ಚೀಟಿ ಬರೆದೂ ಕೊಟ್ಟರು.

ಚೀಟಿ ಹಿಡಿದು ಅವನು ಶಾಂತಲಿಂಗಪ್ಪನ ಹತ್ತಿರ ಹೋದ. ಶಾಂತಲಿಂಗಪ್ಪ ಎರಡು ಸಲ ಓದಿ ಮಡಚಿದ. ತೀರ್ಪಾಗಿ ಹೋದ ಮಾತು, ಅವಧಿ ಎಂದೋ ಮೀರಿದೆ.

"ಮೊದಲ ಇಂಥಾ ಡಾಕ್ಟರ ಸಿಗಬೇಕಾಗಿತ್ತು, ಅಮೋಗಸಿದ್ಧಾ."

ಅಮೋಗಸಿದ್ಧ ಮನೆಗೆ ಬಂದು ಚೌಕಟ್ಟಿಗೆ ಒರಗಿ ನಿಂತ. ತುಳಜಾಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಹೊಸಾ ಡಾಕ್ಟರ ನನ್ನ ನಂಬಿದಾನ" ಎಂದ.

"ನಂಬಿ ಏನ ಮಾಡಿದಾನ?"

"ತಿಕ್ಕಾಕ ಎಣ್ಣಿ ಬರದಾನ, ಮೊದಲಿನವ್ರು ಕೊಟ್ಟಂಗ."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಅವನು ನಗಲು ಹೋದ. ಮುಖ ಬೇರೆಯೇ ಆಗಿ, ಗೋಡೆಯ ಕಡೆ ತಿರುಗಿದ. ಎಂಟು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು. ಎದ್ದು ಹೋಗಿ ಹಿಟ್ಟಿನ ಕೈಯನ್ನೇ ಅವನ ಬೆನ್ನ ಮೇಲೆ ಇಟ್ಟಳು. ಮರುದಿನ ಭೋಂಗಾ ಕೂಗಿದಾಗ ಇಬ್ಬರೂ ಹೊರಟರು. ಅವಳು ಅವನ ನಡಿಗೆಗೆ ತಕ್ಕಂತೆ ಮೆಲ್ಲಗೆ ಹೆಜ್ಜೆ ಹಾಕಿದಳು.