ಪ್ರಧಾನಿಯಾಗುತ್ತೇನೆಂದ ವಿಮಲಾ

ದೂರದ ದೇಶದಲ್ಲಿ ಭಾರತ ಮೂಲದ ಯಾರಾದರೂ ಮಂತ್ರಿಯೋ ಪ್ರಧಾನಿಯೋ ಆದರೆ ಪರ್ಕಳದ ನನ್ನ ಜಗಲಿಯಲ್ಲಿ ಕುಳಿತ ನನ್ನ ಎದೆ ಎರಡಿಂಚು ಉಬ್ಬುತ್ತದೆ. ಅವರ ಗೆಲುವಿಗಾಗಿ ನಾನು ಒಂದು ಹುಲ್ಲುಕಡ್ಡಿಯನ್ನೂ ಎತ್ತಿಟ್ಟವನಲ್ಲ. ಅವರು ಹುಟ್ಟಿದ್ದು ಅಲ್ಲಿ, ಬೆಳೆದದ್ದು ಅಲ್ಲಿ, ನಮ್ಮ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲೂ ಬಾರದವರು. ಆದರೂ ಮರುದಿನ ಬೆಳಿಗ್ಗೆ ಹಾಲು ತರಲು ಹೋಗುವಾಗ ನನ್ನ ನಡಿಗೆಯಲ್ಲಿ ತುಸು ಗತ್ತು ಇರುತ್ತದೆಂದು ಮನೆಯಾಕೆ ಹೇಳುತ್ತಾಳೆ.

ಅಂಥದೊಂದು ದಿನ ನೆರೆಮನೆಯ ಅಚ್ಯುತಣ್ಣ ಲಾಡಿನ ಪೊಟ್ಟಣ ಹಿಡಿದು ಬಂದರು. ಆದಿ ಉಡುಪಿಯಲ್ಲಿ ಬಹಳ ಕಾಲ ತೆಂಗಿನಕಾಯಿ ವ್ಯಾಪಾರ ಮಾಡಿ ಈಗ ವಿಶ್ರಾಂತಿಯಲ್ಲಿರುವವರು. ಲೆಕ್ಕದಲ್ಲಿ ಗಟ್ಟಿ.

"ನೋಡಿ ಮಾಷ್ಟ್ರೇ, ಅಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ? ಒಂದು ಮುಷ್ಟಿ. ಆದರೂ ಆ ದೇಶದವರು ತಲೆ ಮೇಲೆ ಕೂರಿಸಿದರಲ್ಲ!" ಎಂದರು.

ವೈದ್ಯರು ಬೇಡವೆಂದಿದ್ದ ಲಾಡನ್ನು ದೇಶಾಭಿಮಾನದ ಹೆಸರಿನಲ್ಲಿ ಮುರಿಯುತ್ತಾ ನಾನು ಕೇಳಿದೆ, "ನಮ್ಮಲ್ಲಿ ಕೊರಗರ ಮನೆಯ ಒಬ್ಬ ಹುಡುಗಿ ಪ್ರಧಾನಿ ಆಗುವುದು ಯಾವಾಗ ಅಚ್ಯುತಣ್ಣ?"

ಅವರು ಜೋರಾಗಿ ನಕ್ಕರು. "ಎಂತ ಮಾರಾಯ್ರೇ! ಅವರ ಓಟು ಎಷ್ಟುಂಟು?"

ನನಗೆ ನಗು ಬರಲಿಲ್ಲ. ಒಂದು ಕಾಲದಲ್ಲಿ ನಾನೂ ಹೀಗೆಯೇ ನಕ್ಕಿದ್ದೆ.

ಕಾರ್ಕಳದ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುತ್ತಿದ್ದ ದಿನಗಳವು. ಈ ದೇಶದಲ್ಲಿ ಯಾರು ಬೇಕಾದರೂ ಪ್ರಧಾನಿಯಾಗಬಹುದು ಎಂದು ಸಂವಿಧಾನದ ಪಾಠದಲ್ಲಿ ಗಂಟಲು ಹರಿಯುವಂತೆ ಹೇಳಿ, "ಯಾರು ಆಗುತ್ತೀರಿ?" ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಒಂದೇ ಒಂದು ಕೈ ಎದ್ದಿತು. ವಿಮಲಾ. ಬುಟ್ಟಿ ಹೆಣೆಯುವ ಕೊರಗರ ಮನೆಯ ಹುಡುಗಿ. ಊರು ತಲೆತಲಾಂತರದಿಂದ ಅಂಗಳದ ಆಚೆಯೇ ನಿಲ್ಲಿಸಿದ ಜನ ಅವರು. "ಮೊದಲು ಕ್ಲಾಸ್ ಲೀಡರ್ ಆಗು, ಆಮೇಲೆ ನೋಡುವ" ಎಂದು ನಾನು ನಕ್ಕೆ. ತರಗತಿಯೂ ನಕ್ಕಿತು. ಕೈ ಕೆಳಗಿಳಿಯಿತು. ಪಾಠವೇನೋ ಚೆನ್ನಾಗಿ ಮಾಡಿದ್ದೆ. ಅದನ್ನು ನಂಬಿದವಳು ಮಾತ್ರ ಅವಳೊಬ್ಬಳೇ.

ಅಲ್ಪಸಂಖ್ಯಾತ ಎಂಬ ಶಬ್ದವನ್ನು ನಾವು ಯಾವಾಗಲೂ ಇನ್ನೊಬ್ಬರ ಬೆನ್ನಿಗೆ ಅಂಟಿಸುತ್ತೇವೆ. ಹೆಜಮಾಡಿಯಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಬಂದು ನೋಡಿ. ಒಂದು ನಿಲ್ದಾಣದಲ್ಲಿ ಬ್ಯಾರಿ ಮಾತು ಹತ್ತುತ್ತದೆ, ಇನ್ನೊಂದರಲ್ಲಿ ಕೊಂಕಣಿ, ಮತ್ತೊಂದರಲ್ಲಿ ತುಳು. ಯಾರು ಹೆಚ್ಚು ಯಾರು ಕಡಿಮೆ ಎಂಬುದು ನಿರ್ವಾಹಕ ಸೀಟಿ ಊದಿದಂತೆಲ್ಲ ಬದಲಾಗುತ್ತದೆ. ತುಳುವನಾದ ನಾನು ಇಲ್ಲಿ ಬಹುಸಂಖ್ಯಾತನೆಂದು ಎದೆಯುಬ್ಬಿಸಿ ನಡೆದವನು, ಒಮ್ಮೆ ತರಬೇತಿಗೆಂದು ದೆಹಲಿಗೆ ಹೋದೆ. "ತುಳುವಾ? ತೆಲುಗು ಅಲ್ವಾ?" ಎಂದು ತಿದ್ದುವವರೇ ಎಲ್ಲರೂ. ಮೂರನೆಯ ದಿನ ಸೋತು ತೆಲುಗಿನವನೆಂದೇ ಒಪ್ಪಿಕೊಂಡೆ. ಇನ್ನು ಐತಿಹ್ಯ ಕೇಳಿದರೆ, ಈ ತುಳುನಾಡನ್ನೇ ಒಂದು ಕಾಲದಲ್ಲಿ ಕೊರಗರ ಅರಸನೊಬ್ಬ ಆಳಿದ್ದನಂತೆ. ಹಾಗಾದರೆ ನನ್ನ ತರಗತಿಯಲ್ಲಿ ನಗಬೇಕಾಗಿದ್ದವರು ಯಾರೋ!

ಲಾಡಿನ ದಿನ ಕಳೆದು ಹೆಚ್ಚು ಸಮಯವಾಗಿರಲಿಲ್ಲ. ವಿಮಲಾಳ ಫೋನು ಬಂತು. ಅವಳು ಪದವಿ ಓದಿದ್ದು, ಹೆಂಗಸರ ಸಂಘ ಕಟ್ಟಿದ್ದು, ಪಂಚಾಯತಿಗೆ ಗೆದ್ದದ್ದು ನನಗೆ ಗೊತ್ತಿತ್ತು. ಈಗ ಮೀಸಲಾತಿಯಲ್ಲಿ ಅಧ್ಯಕ್ಷೆಯಾಗಿದ್ದಳು.

"ಸರ್, ನಾಡಿದ್ದು ನನ್ನ ಮೊದಲ ಗ್ರಾಮಸಭೆ ಉಂಟು. ನೀವು ಬರಬೇಕು."

"ಧೈರ್ಯಕ್ಕೆ ಒಬ್ಬರು ಇರಲಿ ಅಂತಲಾ?" ಎಂದೆ.

"ಧೈರ್ಯ ಉಂಟು ಸರ್. ನೀವು ನೋಡಬೇಕು, ಅಷ್ಟೇ."

ಅಚ್ಯುತಣ್ಣನ ಕಾರಿನಲ್ಲಿ ಹೋದೆವು. ಶಾಲೆಯ ಸಭಾಂಗಣ ತುಂಬಿತ್ತು. ವೇದಿಕೆಯ ನಡುವೆ ವಿಮಲಾ, ಪಕ್ಕದಲ್ಲಿ ಉಪಾಧ್ಯಕ್ಷರು. ಮೈಕು ಮಾತ್ರ ಉಪಾಧ್ಯಕ್ಷರ ಕೈಯಲ್ಲಿ. "ಅಧ್ಯಕ್ಷರ ಪರವಾಗಿ ನಾನು..." ಎಂದು ಅವರು ಶುರುಮಾಡಿದರೆ ನಿಲ್ಲುವ ಲಕ್ಷಣ ಇರಲಿಲ್ಲ.

ಅಷ್ಟರಲ್ಲಿ ತೋಡಿನ, ಎಂದರೆ ಊರ ಹಳ್ಳದ, ಕಿಂಡಿ ಅಣೆಕಟ್ಟಿನ ಜಗಳ ಎದ್ದಿತು. ಅದು ಆ ಊರಿನ ಹಳೆಯ ಹುಣ್ಣು. ಕಿಂಡಿಗಳಿಗೆ ಹಲಗೆ ಬೇಗ ಇಳಿಸಿ ನೀರು ನಿಲ್ಲಿಸಿದರೆ ಮೇಲಿನ ಮನೆಗಳ ಬಾವಿಗಳಲ್ಲಿ ನೀರು ಉಳಿಯುತ್ತದೆ, ಆದರೆ ತೋಡಿನ ಬದಿಯ ಗದ್ದೆಗಳಲ್ಲಿ ಕೊಯ್ಲಿಗೆ ನಿಂತ ಭತ್ತ ನೆನೆಯುತ್ತದೆ. ತಡಮಾಡಿದರೆ ಭತ್ತ ಉಳಿಯುತ್ತದೆ, ಬಾವಿ ಬತ್ತುತ್ತದೆ. ಎರಡೂ ಕಡೆಯವರು ಎದ್ದು ನಿಂತು ಕೂಗಾಡತೊಡಗಿದರು. ವಿಮಲಾ ಏನೋ ಹೇಳಲು ಎದ್ದಳು.

ಗದ್ದೆಯ ಕಡೆಯ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ನೀನು ಕೂತ್ಕೋ ಮಗಾ. ನಿಮ್ಮ ಜನಕ್ಕೆ ಎಂತ ಬೇಕು ಅದನ್ನು ಬರೆದು ಕೊಡು, ಮಾಡಿಸುವ. ಇದು ಕೃಷಿಯ ವಿಷಯ."

ಮಾತಿನಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ನನ್ನ ಅಂದಿನ ನಗುವಿನಲ್ಲೂ ಇದೇ ಬಗೆಯ ಪ್ರೀತಿ ಇತ್ತೆಂದು ಹೊಳೆದು ನನ್ನ ಕಿವಿ ಬಿಸಿಯಾಯಿತು. ಈಗಲೂ ಕೂತುಬಿಡುತ್ತಾಳೇನೋ ಎಂದು ಕುರ್ಚಿಯ ತುದಿಗೆ ಸರಿದೆ.

ವಿಮಲಾ ಕೂರಲಿಲ್ಲ. ಉಪಾಧ್ಯಕ್ಷರ ಮುಂದೆ ಕೈ ಚಾಚಿದಳು. ಅವರು ಅತ್ತ ಇತ್ತ ನೋಡಿ ಮೈಕು ಕೊಟ್ಟರು.

"ಅಣ್ಣಾ, ಈ ಸಭೆಯಲ್ಲಿ ಇರುವವರೆಲ್ಲ ನನ್ನ ಜನ. ನೀವೂ," ಎಂದಳು. "ಆ ಕಟ್ಟದ ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಿದ್ದು ಯಾರು? ನನ್ನ ಅಮ್ಮ. ರಜೆಯಲ್ಲಿ ನಾನೂ ತುಂಬಿದ್ದೇನೆ. ನಾಲ್ಕು ಹಲಗೆಯವರೆಗೆ ನೀರು ನಿಂತರೆ ನಿಮ್ಮ ಗದ್ದೆಗೆ ಏರುವುದಿಲ್ಲ. ಐದನೆಯದು ಇಳಿಸಿದರೆ ಏರ್ತದೆ. ನಾಲ್ಕು ಈಗ ಹಾಕುವ, ಉಳಿದದ್ದು ನಿಮ್ಮ ಕೊಯ್ಲು ಆದ ಮೇಲೆ. ನಾಲ್ಕಕ್ಕೇ ಬಾವಿಗೆ ಒರತೆ ಬರ್ತದೆ. ಬೇಕಾದರೆ ನಾಳೆ ಬೆಳಿಗ್ಗೆ ನನ್ನೊಟ್ಟಿಗೆ ತೋಡಿಗೆ ಬನ್ನಿ."

ಸಭೆ ತಣ್ಣಗಾಯಿತು. ಆ ತೋಡಿನ ಬಗ್ಗೆ ಇಡೀ ಊರು ವರ್ಷಗಟ್ಟಲೆ ಮಾತಾಡಿತ್ತು. ಅದರೊಳಗೆ ಇಳಿದು ನಿಂತವರು ಮಾತಾಡಿದ್ದು ಅದೇ ಮೊದಲು. ಹಿರಿಯರು "ನಾಲ್ಕಾದರೆ ತೊಂದರೆ ಇಲ್ಲ, ಅಧ್ಯಕ್ಷರೇ" ಎಂದರು. ಮಗಾ ಹೋಗಿ ಅಧ್ಯಕ್ಷರೇ ಬಂದದ್ದನ್ನು ಇಡೀ ಸಭೆ ಕೇಳಿಸಿಕೊಂಡಿತು. ಮೊದಲು ಚಪ್ಪಾಳೆ ತಟ್ಟಿದ್ದು ನಾನಲ್ಲ, ಅಚ್ಯುತಣ್ಣ.

ಮರಳಿ ಬರುವಾಗ ದಾರಿ ಬದಿಗೆ ಕಾರು ನಿಲ್ಲಿಸಿ ಅಚ್ಯುತಣ್ಣ, "ಮಾಷ್ಟ್ರೇ, ಅವರ ಓಟಿನ ಲೆಕ್ಕ ಮಾತ್ರ ಹಾಕಿದೆ ನಾನು. ಅವರಿಗೆ ಓಟು ಹಾಕುವವರ ಲೆಕ್ಕ ಬಿಟ್ಟೇಹೋಯಿತು" ಎಂದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ತಿದ್ದುಪಡಿಯನ್ನು ನಾನು ಕೇಳಿಲ್ಲ.

ವಿಮಲಾ ದೆಹಲಿಯವರೆಗೆ ಹೋಗುತ್ತಾಳೋ ಇಲ್ಲವೋ, ಹೇಳಲಾರೆ. ಪಕ್ಷಗಳಿವೆ, ಟಿಕೆಟಿದೆ, ಮೀಸಲಾತಿಯ ಸರದಿ ಮುಗಿದ ಮೇಲೆ ಕುರ್ಚಿ ಕೊಡಲು ಮನಸ್ಸು ಬರಬೇಕಾದ ಜನರಿದ್ದಾರೆ. ಆದರೆ ಬೇಸಿಗೆಯಲ್ಲಿ ಒಮ್ಮೆ ಅವಳು ಫೋನು ಮಾಡಿದಾಗ ಸ್ವರದಲ್ಲಿ ಉತ್ಸಾಹ ತುಳುಕುತ್ತಿತ್ತು.

"ಸರ್, ಇವತ್ತು ಮೂರು ಜನ ನನಗೆ ಚೆನ್ನಾಗಿ ಬೈದರು!"

"ಯಾಕೆ, ಎಂತ ಆಯಿತು?" ಗಾಬರಿಯಿಂದ ಕೇಳಿದೆ.

"ಬೀದಿದೀಪ ರಿಪೇರಿ ಆಗಲಿಲ್ಲ ಅಂತ. ಜಾತಿ ಎತ್ತಿ ಅಲ್ಲ ಸರ್, ಕೆಲಸ ಎತ್ತಿ ಬೈದರು!"

ನನ್ನ ವಿದ್ಯಾರ್ಥಿಗಳಲ್ಲಿ ಬಹುಮಾನ ಪಡೆದವರು ಹಲವರಿದ್ದಾರೆ. ಬೈಗುಳಕ್ಕಾಗಿ ನಾನು ಅಭಿನಂದಿಸಿದ್ದು ಅವಳೊಬ್ಬಳನ್ನೇ.