ಬಿ ಸೈಡಿನ ಕೊನೆಯ ಹಾಡು

ನಾನು ಸುಳ್ಳು ಹೇಳಿದೆ. ಎರಡು ಸಲ ಹೇಳಿದೆ – ಒಮ್ಮೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಬ್ರಹ್ಮಪುರದ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು. ಇನ್ನೊಮ್ಮೆ ಹೋದ ತಿಂಗಳು, ಕಮಲಾಪುರದ ಒಂದು ಅಂಗಡಿಯಲ್ಲಿ ಕುಳಿತು. ಮೊದಲನೆಯ ಸುಳ್ಳಿನಿಂದ ಒಬ್ಬರ ಅಂಗಡಿ ಹೋಯಿತು, ಒಬ್ಬಳ ಓದು ನಿಂತಿತು. ಎರಡನೆಯದರಿಂದ ಯಾರಿಗೂ ಏನೂ ಆಗಲಿಲ್ಲ, ನನ್ನ ಮಾನ ಉಳಿಯಿತು ಅಷ್ಟೇ. ಅದಕ್ಕೇ ಆ ಎರಡನೆಯದನ್ನು ನೆನೆದರೆ ನನ್ನ ಮೇಲೆ ನನಗೇ ಹೆಚ್ಚು ಸಿಟ್ಟು ಬರುತ್ತದೆ.

ನಮ್ಮದೊಂದು ವಾಟ್ಸಾಪ್ ಗುಂಪಿದೆ, ಎಂಬತ್ತರ ದಶಕದ ಹಾಡುಗಳದ್ದು. ಹೆಚ್ಚಿನವರು ನನ್ನ ಹಾಗೆ ನೌಕರಿಯಿಂದ ನಿವೃತ್ತರಾದವರು. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಒಂದು ಹಾಡು ಹಾಕಿ ‘ಆ ಕಾಲವೇ ಬೇರೆ’ ಎಂದು ಬರೆಯುತ್ತಾರೆ. ಅಲ್ಲಿ ನನ್ನ ಹೆಸರು ಕ್ಯಾಸೆಟ್ ಬಸಣ್ಣ. ನನ್ನ ಕಪಾಟಿನ ತುಂಬ ಹಳೆಯ ಕ್ಯಾಸೆಟ್ಟುಗಳಿವೆ; ಒಂದರ ಫೋಟೋ ಹಾಕಿದರೆ ಸಾಕು, ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಎಂಥ ಒಳ್ಳೆಯ ದಿನಗಳು ಸರ್, ಎಂಥ ಒಳ್ಳೆಯ ಜನ ಸರ್ – ಓದಿದಾಗ ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆನಿಸುತ್ತದೆ. ಆ ದಿನಗಳಲ್ಲಿ ನಾನೂ ಇದ್ದೆನಲ್ಲ. ನಾನು ಏನು ಮಾಡಿದೆ ಎಂಬುದು ನನಗೆ ಗೊತ್ತಿದೆಯಲ್ಲ.

ಆಗ ಹಾಡು ಬೇಕಾದರೆ ಚೀಟಿ ಬರೆಯಬೇಕಿತ್ತು. ಬೇಕಾದ ಹನ್ನೆರಡು ಹಾಡುಗಳ ಹೆಸರು ಬರೆದು, ಖಾಲಿ ಕ್ಯಾಸೆಟ್ಟಿನ ಜೊತೆ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು, ವಾರಗಟ್ಟಲೆ ಕಾಯಬೇಕಿತ್ತು. ನಮ್ಮ ಊರಿನ ಗಾಜಿಪುರ ಬಡಾವಣೆಯ ತಿರುವಿನಲ್ಲಿ ಖಲೀಲ್‌ಭಾಯ್ ಅವರ ಅಂಗಡಿ. ನನಗಿಂತ ಏಳೆಂಟು ವರ್ಷ ದೊಡ್ಡವರು. ಹೈದರಾಬಾದಿಗೆ ಹೋಗಿ ಹಳೆಯ ಹೊಸ ರೆಕಾರ್ಡುಗಳನ್ನು ಹುಡುಕಿ ತರುತ್ತಿದ್ದರು. ಪ್ರತಿ ರೆಕಾರ್ಡನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಳ್ಳು ಇಳಿಸುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ನಾನು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ದಿನವಿಡೀ ಮಷೀನಿನ ಸದ್ದು ಕೇಳಿ ಕಿವಿ ತುಂಬಿಕೊಂಡು, ಸಂಜೆ ನೇರ ಅಲ್ಲಿಗೇ ಹೋಗುತ್ತಿದ್ದೆ.

ಅವರದೊಂದು ಪದ್ಧತಿ ಇತ್ತು. ಹನ್ನೆರಡು ಹಾಡು ಮುಗಿದ ಮೇಲೆ ಬಿ ಸೈಡಿನ ಕೊನೆಗೆ ಮೂರು ನಾಲ್ಕು ನಿಮಿಷದ ಟೇಪು ಉಳಿಯುತ್ತದೆ. ಬೇರೆ ಅಂಗಡಿಯವರು ಹಾಗೇ ಬಿಡುತ್ತಿದ್ದರು. ಖಲೀಲ್‌ಭಾಯ್ ಬಿಡುತ್ತಿರಲಿಲ್ಲ. ಅಷ್ಟೇ ಜಾಗಕ್ಕೆ ಹೊಂದುವ ಒಂದು ಹಾಡನ್ನು ತಾವೇ ಆರಿಸಿ ತುಂಬಿಸುತ್ತಿದ್ದರು. ಕ್ಯಾಸೆಟ್ಟಿನ ಕಾರ್ಡಿನ ಮೇಲೆ ಅದನ್ನು ಬರೆಯುತ್ತಿರಲಿಲ್ಲ – ಗಿರಾಕಿ ಕೇಳಿದ್ದಲ್ಲ, ಅದು ಅವರ ಕಡೆಯಿಂದ.

“ಟೇಪ್ ಖಾಲಿ ಬಿಟ್ರ ಗಿರಾಕಿಗಿ ಅರ್ಧಾ ತಾಟು ಬಡಿಸಿ ಎಬ್ಬಿಸಿದಂಗ ಆಗ್ತದ್ರಿ ಬಸಣ್ಣಾರ” ಎನ್ನುತ್ತಿದ್ದರು.

ಎಲ್ಲರಿಗೂ ಹಾಕುತ್ತಿದ್ದರು. ಗಂಡಸರಿಗೆ, ಹೆಂಗಸರಿಗೆ, ಮುದುಕರಿಗೆ – ಎಲ್ಲರಿಗೂ. ಅಂಗಡಿಯಲ್ಲಿ ಸಂಜೆ ಸಂಜೆ ಕುಳಿತಿರುತ್ತಿದ್ದ ನನಗೆ ಇದು ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಒಮ್ಮೆ ಅವರು ಒಂದು ರೆಕಾರ್ಡು ತಂದರು. ನಮ್ಮ ಊರಿನ ಟಾಕೀಸುಗಳಿಗೆ ಬಾರದೇ ಹೋದ ಒಂದು ಕನ್ನಡ ಸಿನಿಮಾದ್ದು. ಅದರಲ್ಲೊಂದು ಮೂರೂವರೆ ನಿಮಿಷದ ಹಾಡು – ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಬರುವವನಿಗಾಗಿ ಕಾಯುವ ಹಾಡು. ಅಂಗಡಿಯಲ್ಲಿ ಕೇಳಿ ನಾನು ಅಲುಗಾಡದೆ ಕುಳಿತೆ. ನನ್ನ ಆ ವಾರದ ಕ್ಯಾಸೆಟ್ಟಿನಲ್ಲಿ, ಬಿ ಸೈಡಿನ ಕೊನೆಗೆ, ಅದನ್ನೇ ಹಾಕಿಕೊಟ್ಟರು. ಆಗ ನಾನೊಂದು ಮಾತು ಹೇಳಿದೆ.

“ಖಲೀಲ್‌ಭಾಯ್, ಇದು ಬ್ಯಾರೆಯವ್ರಿಗಿ ಹಾಕಬ್ಯಾಡ್ರಿ.”

ಅವರು ನಕ್ಕರು. ನಕ್ಕರಷ್ಟೇ, ಹೂಂ ಎನ್ನಲಿಲ್ಲ. ಮಾತು ಕೊಟ್ಟರು ಎಂದು ನಾನೇ ಅಂದುಕೊಂಡೆ. ಊರಿನಲ್ಲಿ ಯಾರ ಬಳಿಯೂ ಇಲ್ಲದ ಹಾಡು ನನ್ನ ಬಳಿ ಇದೆ ಎಂದು ತಲೆ ಎತ್ತಿಕೊಂಡು ತಿರುಗಿದೆ. ಅಕ್ಕಪಕ್ಕದ ಕೋಣೆಯವರನ್ನು ಕರೆದು ಒಮ್ಮೆ ಕೇಳಿಸಿ, ಎರಡನೆಯ ಸಲ ಕೇಳಿದರೆ ಇಲ್ಲ ಎನ್ನುತ್ತಿದ್ದೆ. ಎಂಥ ಅಲ್ಪ ನಾನು. ಆ ಹಾಡು ಹಾಡಿದವರು ಬೇರೆ, ಕಟ್ಟಿದವರು ಬೇರೆ, ಹುಡುಕಿ ತಂದವರು ಬೇರೆ. ನಾನು ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದವನು.

ಗುರುಲಿಂಗ ನನ್ನ ಜೊತೆ ಮಿಲ್ಲಿನಲ್ಲಿದ್ದ. ಮನೆ ಬ್ರಹ್ಮಪುರದಲ್ಲಿ. ಅವನ ತಂಗಿ ಶಕುಂತಲಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು, ಮುಂದೆ ಓದಿ ಶಿಕ್ಷಕಿಯಾಗಬೇಕೆಂದಿದ್ದಳು. ಅವಳೂ ಗೆಳತಿಯ ಕೈಯಲ್ಲಿ ಚೀಟಿ ಕಳಿಸಿ ಖಲೀಲ್‌ಭಾಯ್ ಅವರಿಂದ ಕ್ಯಾಸೆಟ್ ತುಂಬಿಸಿಕೊಂಡಿದ್ದಳು. ಒಂದು ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋದಾಗ ಅದು ಹಾಡುತ್ತಿತ್ತು. ಹನ್ನೆರಡು ಹಾಡು ಮುಗಿದವು. ಆಮೇಲೆ ಬಂತು – ನನ್ನ ಹಾಡು.

ನನ್ನ ಹಾಡು. ಈಗಲೂ ಕೈ ಹಾಗೇ ಬರೆಯುತ್ತದೆ, ನೋಡಿ.

ಗುರುಲಿಂಗ ಕಾರ್ಡು ತೆಗೆದು ನೋಡಿದ. ಮತ್ತೆ ನೋಡಿದ. “ಇದು ಇದರಾಗ ಬರ್ದಿಲ್ಲ. ಯಾರು ಹಾಕಂದ್ರು ಇದು?”

“ನಂಗೇನ್ ಗೊತ್ತಣ್ಣಾ” ಎಂದಳು ಶಕುಂತಲಾ, ಅಡುಗೆಮನೆಯ ಬಾಗಿಲಿನಿಂದ. “ಅವ್ರು ಎಲ್ಲಾರಿಗೂ ಹಂಗೇ ಒಂದು ಹಾಕ್ತಾರಂತ. ಬಸಣ್ಣಾರಿಗಿ ಕೇಳು ಬೇಕಾರ.”

ಗುರುಲಿಂಗ ನನ್ನ ಕಡೆ ತಿರುಗಿದ. “ನಿನ್ನ ಕ್ಯಾಸೆಟ್ಟಿನ್ಯಾಗೂ ಹಂಗ ಹಾಕ್ಯಾರೇನೋ?”

ಅಲ್ಲೊಂದು ಗಳಿಗೆ ಇತ್ತು. ಹೌದು ಎಂದಿದ್ದರೆ ಊಟ ಮಾಡಿ ಮನೆಗೆ ಬರುತ್ತಿದ್ದೆ. ಆದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು – ಹುಡುಗಿಯ ವಿಷಯಕ್ಕಲ್ಲ, ಯಾರೂ ಹಾಗೆ ತಿಳಿಯಬೇಡಿ, ಅವಳ ಮೇಲೆ ನನಗೆ ಯಾವ ಮನಸ್ಸೂ ಇರಲಿಲ್ಲ. ಬರೀ ಆ ಹಾಡಿಗೆ. ನನಗೆ ಕೊಟ್ಟದ್ದನ್ನು ಇನ್ನೊಬ್ಬರಿಗೂ ಕೊಟ್ಟರಲ್ಲ ಎಂದು.

“ಇಲ್ಲ. ನಂಗ ಎಂದೂ ಹಾಕಿಲ್ಲ” ಎಂದೆ.

ಆ ಮಾತು ಎಲ್ಲಿಗೆ ಹೋಗುತ್ತದೆ ಎಂದು ತಿಳಿದಿರಲಿಲ್ಲವೇ? ತಿಳಿದಿತ್ತು. ಖಲೀಲ್ ಎಂಬ ಹೆಸರಿನವನು ನಮ್ಮವರ ಹುಡುಗಿಗೆ ಹಾಡು ಕಳಿಸಿದ ಎಂದರೆ ಯಾರೂ ಎರಡನೆಯ ಸಲ ವಿಚಾರಿಸುವುದಿಲ್ಲ ಎಂದು ಚೆನ್ನಾಗಿ ತಿಳಿದಿತ್ತು. ಶಕುಂತಲಾ ನನ್ನನ್ನೇ ನೋಡುತ್ತಿದ್ದಳು. ನಾನು ತಾಟಿನ ಕಡೆ ನೋಡಿ ರೊಟ್ಟಿ ಮುರಿದೆ.

ಅಂದು ಸಂಜೆಯೇ ಗುರುಲಿಂಗ ಮೂವರನ್ನು ಕಟ್ಟಿಕೊಂಡು ಗಾಜಿಪುರಕ್ಕೆ ಹೋದ. ನಾನು ಹೋಗಲಿಲ್ಲ – ತಲೆನೋವು ಎಂದು ಕೋಣೆಯಲ್ಲಿ ಮಲಗಿದೆ. ಮರುದಿನ ಆ ದಾರಿಯಲ್ಲಿ ಹೋದಾಗ ರಸ್ತೆಯ ತುಂಬ ಕಪ್ಪು ಚೂರುಗಳಿದ್ದವು. ರೆಕಾರ್ಡುಗಳನ್ನು ಒಂದೊಂದಾಗಿ ಹೊರಗೆ ತಂದು ಕಾಲಿಂದ ತುಳಿದಿದ್ದರು. ರೆಕಾರ್ಡಿಂಗ್ ಮಷೀನು ಗಟಾರದಲ್ಲಿತ್ತು. ಖಲೀಲ್‌ಭಾಯ್ ಅವರನ್ನು ಎಷ್ಟು ಹೊಡೆದರು ಎಂದು ನಾನು ಯಾರನ್ನೂ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ. ವಾರದೊಳಗೆ ಅವರು ಹೆಂಡತಿಯ ಊರಾದ ಕಮಲಾಪುರಕ್ಕೆ ಹೋಗಿಬಿಟ್ಟರು. ಶಕುಂತಲಾಳನ್ನು ಕಾಲೇಜು ಬಿಡಿಸಿದರು. ಪರೀಕ್ಷೆಗೂ ಕೂಡಿಸಲಿಲ್ಲ, ಸಿಕ್ಕ ಗಂಡಿಗೆ ಕೊಟ್ಟು ಸೊಲ್ಲಾಪುರಕ್ಕೆ ಕಳಿಸಿದರು. ಆ ಮದುವೆಯಲ್ಲಿ ನಾನು ಪಂಕ್ತಿಯಲ್ಲಿ ಕುಳಿತು ಉಂಡೆ.

ಹೋದ ತಿಂಗಳು ಗುಂಪಿನಲ್ಲಿ ಯಾರೋ ಆ ಹಾಡನ್ನು ಹಾಕಿದರು. ಫೋನಿನಲ್ಲಿ ಎರಡು ಸಲ ಬೆರಳು ಒತ್ತಿದರೆ ಬರುತ್ತದೆ, ನಡುವೆ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬೇರೆ. ಯಾರು ಬೇಕಾದರೂ ಕೇಳಬಹುದು, ಯಾರೂ ಪೂರ್ತಿ ಕೇಳುವುದಿಲ್ಲ. ಇದಕ್ಕೇ, ಇಷ್ಟಕ್ಕೇ, ನಾನು... ಹಾಡಿನ ಕೆಳಗೆ ಮೊದಲ ಹೆಬ್ಬೆರಳಿನ ಚಿತ್ರ ಒತ್ತಿದವನು ಗುರುಲಿಂಗ, ಅವನೂ ಈ ಗುಂಪಿನಲ್ಲೇ ಇದ್ದಾನೆ. ಅವನಿಗೆ ಹಾಡಿನ ಗುರುತೇ ಸಿಕ್ಕಿರಲಿಲ್ಲ. ಫೋನನ್ನು ಮಗುಚಿ ಇಟ್ಟೆ. ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಎಲ್ಲ ಹೇಳಿಬಿಡಬೇಕೆಂದೇ ಹೋದೆ.

ಖಲೀಲ್‌ಭಾಯ್ ಅಲ್ಲಿ ಫ್ಯಾನು, ಮಿಕ್ಸರ್ ರಿಪೇರಿ ಮಾಡುತ್ತಾರೆ. ಗಡ್ಡ ಪೂರ್ತಿ ಬಿಳಿ. ಅಂಗಡಿಯಲ್ಲಿ ಒಂದು ರೇಡಿಯೋ ಕೂಡ ಇಲ್ಲ. ನನ್ನನ್ನು ಕಂಡು ಎದ್ದು ನಿಂತು, ಕುರ್ಚಿ ಒರೆಸಿ ಕೂಡಿಸಿದರು, ಚಹಾ ತರಿಸಿದರು.

“ಹಾಡು ಕೇಳೂದು ಬಿಟ್ಟೀನ್ರಿ” ಎಂದರು. ಆಮೇಲೆ ಚಹಾದ ಕಪ್ಪು ಕೆಳಗಿಟ್ಟು, “ಒಂದ್ ಮಾತು ಕೇಳ್ಲಿ ಬಸಣ್ಣಾರ? ನಿಮ್ಮ ಕ್ಯಾಸೆಟ್ಟಿನ್ಯಾಗೂ ಅದೇ ಹಾಡು ಹಾಕಿದ್ನಲ್ರಿ. ಅದು ತೋರ್ಸಿದ್ರ ಮುಗೀತಿತ್ತು. ನಿಮಗ ಯಾರೂ ಕೇಳ್ಲಿಲ್ಲೇನ್ರಿ?”

ಬಾಯಿಗೆ ಬಂದಿತ್ತು. ಅದನ್ನು ಹೇಳುವುದಕ್ಕೇ ಬಸ್ಸು ಹತ್ತಿದ್ದು. ಆದರೂ –

“ಇಲ್ರಿ. ನಂಗ ಯಾರೂ ಕೇಳ್ಲಿಲ್ಲ.”

“ನಾನೂ ಅದೇ ಅನ್ಕೊಂಡಿದ್ದೆ” ಎಂದು ಅವರು ತಲೆಯಾಡಿಸಿದರು. “ಕೇಳಿದ್ರ ನೀವು ಹೇಳ್ತಿದ್ರಿ.”

ಹೊರಡುವಾಗ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಸಿ ಕೈಗಿತ್ತರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಯಾರು ಕೊಟ್ಟರು ಎಂದು ಮನೆಯಾಕೆ ಕೇಳಿದಾಗ ಗೆಳೆಯ ಎಂದೆ, ನಾಚಿಕೆ ಇಲ್ಲದವನು.

ನಲವತ್ತು ವರ್ಷ ಅವರು ನನ್ನನ್ನು ಸತ್ಯವಂತ ಎಂದು ನಂಬಿಕೊಂಡು ಕುಳಿತಿದ್ದಾರೆ. ಅವರು ನನ್ನ ಕೊರಳಪಟ್ಟಿ ಹಿಡಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾರೆ.

ಇದನ್ನು ಈಗ ಗುಂಪಿಗೇ ಹಾಕುತ್ತೇನೆ. ಗುರುಲಿಂಗ ಓದಲಿ, ತಂಗಿಗೆ ಏನು ಹೇಳಬೇಕೋ ಅವನೇ ಹೇಳಲಿ. ಅವಳ ಮುಂದೆ ನಿಲ್ಲುವುದು ನನಗೂ ಬಾಕಿ ಇದೆ, ಸೊಲ್ಲಾಪುರಕ್ಕೂ ಹೋಗುತ್ತೇನೆ. ಆದರೆ ನಾನು ಸುಳ್ಳು ಹೇಳಿದೆ ಎಂದು ಅವಳಿಗೆ ಅಂದೇ, ಆ ಬಾಗಿಲಲ್ಲೇ ತಿಳಿದಿತ್ತು. ತಿಳಿಯದೆ ನನ್ನನ್ನು ನಂಬಿ ಕುಳಿತವರು ನೀವು, ಈ ಗುಂಪಿನಲ್ಲೂ ಇಲ್ಲದ ನೀವು, ಖಲೀಲ್‌ಭಾಯ್. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ನನ್ನ ಕ್ಯಾಸೆಟ್ಟು ಜೊತೆಗಿರುತ್ತದೆ, ಬಿ ಸೈಡಿನ ಕೊನೆಗೆ ನೀವು ಹಾಕಿದ ಹಾಡು ಈಗಲೂ ಇದೆ. ನಿಮ್ಮ ಅಂಗಡಿಯಲ್ಲಿ ನಿಂತು ಹೇಳುತ್ತೇನೆ.

ಅಂದು ನನ್ನನ್ನು ಕೇಳಿದ್ದರು. ನಾನು ಇಲ್ಲ ಎಂದೆ.