ಪಂಡಿತರ ಮುಖದ ಚಿಕ್ಕಪ್ಪ

ಮಳೆಯಿಲ್ಲ, ಬಿಸಿಲಿಲ್ಲ, ಆದರೂ ನಮ್ಮ ನಂಜುಂಡ ಚಿಕ್ಕಪ್ಪ ಕೊಡೆ ಬಿಚ್ಚಿ ಮೂಗಿನವರೆಗೆ ಇಳಿಸಿಕೊಂಡೇ ಬೀದಿಗಿಳಿಯುತ್ತಿದ್ದರು. ನಾಚಿಕೆಯ ಮನುಷ್ಯರಲ್ಲ; ಮನೆಯೊಳಗೆ ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು. ಅವರ ಕಷ್ಟವೆಲ್ಲ ಅವರ ಮುಖದ್ದು. ಕೆಂಗೇರಿಯಲ್ಲಿ ಮೂಳೆ ಕಟ್ಟುತ್ತಿದ್ದ ಮುದ್ದಯ್ಯ ಪಂಡಿತರದೂ ಅದೇ ಮುಖ. ಅದೇ ಮೊಂಡು ಮೂಗು, ಅದೇ ಕೂಡುಹುಬ್ಬು. ನಂಟಸ್ತಿಕೆ ಮಾತ್ರ ಏನೂ ಇಲ್ಲ.

ಆಗ ರಾಜಾಜಿನಗರದಲ್ಲಿ ಎಲ್ಲಿ ನೋಡಿದರೂ ಮನೆ ಕಟ್ಟುವ ಕೆಲಸ. ಬಿದ್ದು ಕೈಕಾಲು ಮುರಿದುಕೊಳ್ಳುವವರಿಗೆ ಬರವಿರಲಿಲ್ಲ. ಅವರೆಲ್ಲ ಚಿಕ್ಕಪ್ಪನನ್ನೇ ಹಿಡಿದು ನಿಲ್ಲಿಸುತ್ತಿದ್ದರು. ಚಿಕ್ಕಪ್ಪನೋ ಕಾರ್ಖಾನೆಯಲ್ಲಿ ಲೇತ್ ಕೆಲಸದವರು, ಊದಿದ ಬೆರಳು ಕಂಡರೂ ತಲೆ ಸುತ್ತುವವರು.

ಒಮ್ಮೆ ಒಬ್ಬ ಹೆಂಗಸು ಮಗಳನ್ನು ಎತ್ತಿಕೊಂಡು ಮನೆ ಬಾಗಿಲಿಗೇ ಬಂದಳು.

"ಸ್ವಾಮಿ, ಮೊಣಕೈ ಜಾರಿದೆ. ಒಂಚೂರು ಕೂರಿಸಿಕೊಡಿ."

"ನಾನು ಅವನಲ್ಲ ಕಣಮ್ಮ!"

"ಬಡವರು ಅಂತ ಹಿಂಗಂತೀರಾ? ನಮ್ಮಕ್ಕನ ಕಾಲು ಕಟ್ಟಿದ್ದು ನೀವೇ ಅಲ್ವಾ?"

ಶಾಪ ಹಾಕಿ ಹೋದಳು. ಚಿಕ್ಕಪ್ಪ ಅಂದು ಊಟಕ್ಕೇಳಲಿಲ್ಲ. "ಈ ಮುಖದಲ್ಲಿ ನಾನು ಬಾಡಿಗೆಗಿದೀನಿ ಕಣೋ. ಓನರ್ರು ಕೆಂಗೇರೀಲಿದಾನೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕೊನೆಗೆ ತಡೆಯಲಾರದೆ ನನ್ನನ್ನೂ ಕರೆದುಕೊಂಡು ಜಗಳಕ್ಕೆಂದೇ ಕೆಂಗೇರಿಗೆ ಹೊರಟರು. ಜಗಲಿಯ ಮೇಲೆ ಯಾರದೋ ಕಾಲಿಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದ ಪಂಡಿತರು ತಲೆಯೆತ್ತಿದರು.

"ಓ, ನೀವೇನಾ ರಾಜಾಜಿನಗರದಲ್ಲಿ ಜನಾನ ಬೈದು ಕಳಿಸ್ತಾ ಇರೋರು? ದೊಡ್ಡಸ್ತಿಕೆ ಬಂತು ಅಂತ ಎಲ್ರೂ ನನ್ನ ಮೇಲೆ ಎಗರ್ತಾರೆ!"

ಜಗಳಕ್ಕೆ ಬಂದಿದ್ದ ಚಿಕ್ಕಪ್ಪ ಕೊಡೆ ಮಡಚಿ ಜಗಲಿಯ ಮೇಲೆ ಕೂತರು. ಇವರು ಮೀಸೆ ಬಿಡುವುದು, ಅವರು ನುಣ್ಣಗೆ ಬೋಳಿಸುವುದು ಎಂದು ಒಪ್ಪಂದವಾಯಿತು. ಮೀಸೆ ಬಂತು. "ಪಂಡಿತರೇ, ಮೀಸೆ ಚೆನ್ನಾಗಿ ಒಪ್ಪುತ್ತೆ" ಎಂದು ಜನ ಹೊಗಳಿದರು.

ಮರುವರ್ಷ ಪಂಡಿತರು ಜ್ವರದಲ್ಲಿ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರೋಣವೆಂದು ನಾವು ಹೋದೆವು. ಅಂಗಳದಲ್ಲಿ ಆಡುತ್ತಿದ್ದ ಪುಟ್ಟ ಮಗು "ಅಪ್ಪಾ" ಎಂದು ಓಡಿಬಂದು ಚಿಕ್ಕಪ್ಪನ ಕಾಲು ತಬ್ಬಿತು. ಅವರಿಗೆ ಬಿಡಿಸಿಕೊಳ್ಳಲೂ ಆಗಲಿಲ್ಲ, ಎತ್ತಿಕೊಳ್ಳಲೂ ಆಗಲಿಲ್ಲ. ಪಂಡಿತರ ಹೆಂಡತಿ ಬಂದು ಮಗುವಿನ ಕೈ ಬಿಡಿಸಿದರು.

"ತಪ್ಪು ತಿಳ್ಕೋಬೇಡಿ ಅಣ್ಣ. ಇನ್ಮೇಲೆ ಈ ಕಡೆ ಬರಬೇಡಿ. ಮಗು ನಂಬಿಬಿಡ್ತದೆ."

ಸ್ವಲ್ಪ ದಿನಕ್ಕೆ ಚಿಕ್ಕಪ್ಪ ಭದ್ರಾವತಿಯಲ್ಲಿ ಕೆಲಸ ಹುಡುಕಿಕೊಂಡರು. ನಮ್ಮಪ್ಪ ಕೂಗಾಡಿದರು. "ಇರೋ ಕೆಲಸ ಬಿಟ್ಟು ಹೋಗ್ತೀಯಲ್ಲೋ, ನಿಂಗೇನು ಹುಚ್ಚಾ?"

"ಇಲ್ಲಿ ನಾನು ಬದುಕಿರೋದೇ ತಪ್ಪು ಅನ್ನೋ ಹಾಗೆ ನೋಡ್ತಾರೆ ಅಣ್ಣಯ್ಯ" ಎಂದು ಟ್ರಂಕು ಎತ್ತಿಕೊಂಡರು.

ಆಮೇಲೆ ಅವರು ಬೆಂಗಳೂರಿಗೆ ಬರಲೇ ಇಲ್ಲ. ನನ್ನ ಮದುವೆಗೂ.